ಸಂಕೋಚದ ಮೀನಿಗೆ ತೊಟ್ಟಿ ಮನೆಯಾಗುವುದು ಹೇಗೆ?

ಹುಬ್ಬಳ್ಳಿಯ ಅಂಗಡಿಯಲ್ಲಿ ಆ ಮೀನು ಚುರುಕಾಗಿ ಓಡಾಡುತ್ತಿತ್ತು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು, ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಶಿಗ್ಗಾಂವಿಗೋ ಹಿರೇಕೆರೂರಿಗೋ ತಂದು ತೊಟ್ಟಿಗೆ ಬಿಟ್ಟ ಕೂಡಲೇ ಮೂಲೆ ಸೇರಿತು. ಮರುದಿನವೂ ಅಲ್ಲೇ. ಮನೆಮಂದಿಯೆಲ್ಲ ಸುತ್ತ ನಿಂತು ಗಾಜು ತಟ್ಟಿದ್ದಾಯಿತು, ಕಾಳು ಸುರಿದದ್ದಾಯಿತು. "ಹೊರಗ ಬರವಲ್ದು ನೋಡ್ರಿ, ಏನ್ ಮಾಡೂದು?" ಅಂತ ಕೇಳುವಷ್ಟರಲ್ಲಿ ನಾಲ್ಕನೇ ದಿನ ಮೀನು ಹೊಟ್ಟೆ ಮೇಲಾಗಿ ತೇಲಿರುತ್ತದೆ. ಹೊಸದಾಗಿ ಮೀನು ಸಾಕುವವರ ಮನೆಯಲ್ಲಿ, ಹಾಸ್ಟೆಲ್ ಕೋಣೆಯಲ್ಲಿ ಮತ್ತೆ ಮತ್ತೆ ನಡೆಯುವ ಕಥೆ ಇದು. ಗಾಜು ತಟ್ಟಿದ್ದು, ಕಾಳು ಸುರಿದದ್ದು ಎರಡೂ ಪ್ರೀತಿಯಿಂದಲೇ. ಆದರೆ ಆ ಮೀನಿಗೆ ಬೇಕಾಗಿದ್ದದ್ದು ಬೇರೆಯೇ.

ಮೀನಿನ ಸಂಕೋಚವನ್ನು ಎಂಜಿನಿಯರಿಂಗ್ ವಿದ್ಯಾರ್ಥಿಗಳಾದ ನಾವು ಸ್ವಲ್ಪ ಲೆಕ್ಕ ಹಾಕಿ, ಸ್ವಲ್ಪ ಗಮನಿಸಿ ಅರ್ಥಮಾಡಿಕೊಳ್ಳಬಹುದು. ಇದಕ್ಕೆ ಬೇಕಾದ ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರ ಎರಡೂ ಮೊದಲ ವರ್ಷದ ಪಠ್ಯದಲ್ಲೇ ಇವೆ.

ಕೆರೆಯ ಮೀನು ಯಾಕೆ ಅಡಗುತ್ತದೆ?

ಹಾನಗಲ್ಲಿನ ಆನೆಕೆರೆಯ ದಂಡೆಯ ಮೇಲೆ ಬೆಳಿಗ್ಗೆ ಒಂದು ತಾಸು ಸುಮ್ಮನೆ ಕೂತು ನೋಡಿ. ದಂಡೆಯ ಹುಲ್ಲು, ಬೇರು, ಎಲೆಗಳ ನೆರಳಿನಲ್ಲಿ ಸಣ್ಣ ಮೀನುಗಳ ಗುಂಪು ಇರುತ್ತದೆ. ಬಯಲು ನೀರಿಗೆ ಒಂಟಿಯಾಗಿ ಬರುವ ಸಣ್ಣ ಮೀನು ಕಡಿಮೆ. ಮೇಲಿಂದ ಮಿಂಚುಳ್ಳಿ ಎರಗುತ್ತದೆ, ದಂಡೆಯಲ್ಲಿ ಬೆಳ್ಳಕ್ಕಿ ಕಾಯುತ್ತಿರುತ್ತದೆ, ಕೆಳಗೆ ದೊಡ್ಡ ಮೀನು ಬಾಯಿ ತೆರೆದಿರುತ್ತದೆ. ಹೊಸ ಜಾಗದಲ್ಲಿ ಮೊದಲು ಅಡಗಿ, ಆಮೇಲೆ ಇಣುಕಿ ನೋಡುವ ಮೀನಿಗೆ ಬದುಕುಳಿಯುವ ಅವಕಾಶ ಹೆಚ್ಚು. ಅಂಗಡಿಯ ಮೀನು ಯಾವ ಸಾಕಣೆ ಕೇಂದ್ರದಲ್ಲಿ ಹುಟ್ಟಿದ್ದರೂ ಈ ಸ್ವಭಾವ ಅದರ ಮೈಯಲ್ಲೇ ಇರುತ್ತದೆ.

ವಿಜ್ಞಾನಿಗಳು ಇದನ್ನು ಅಳೆಯುತ್ತಾರೆ ಕೂಡ. ಜೀಬ್ರಾಮೀನು ಗೊತ್ತಲ್ಲ, ನೀಲಿ ಪಟ್ಟೆಗಳ ಬೆರಳುದ್ದದ ಮೀನು? ಅದು ನಮ್ಮ ಉಪಖಂಡದ್ದೇ. ನಿಧಾನವಾಗಿ ಹರಿಯುವ ಹಳ್ಳ, ಹೊಂಡ, ಭತ್ತದ ಗದ್ದೆಯ ನೀರು ಅದರ ಮನೆ. 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ಬರೆದ ಪುಸ್ತಕದಲ್ಲಿ ಅದನ್ನು ಮೊದಲು ವರ್ಣಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. 1800-01ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ದಪ್ಪ ಪ್ರವಾಸಗ್ರಂಥ ಬರೆದ ಬುಕಾನನ್ ಇವನೇ. ಆಮೇಲೆ ಹೆಸರು ಬದಲಾಯಿಸಿಕೊಂಡ. ಇವತ್ತು ಜಗತ್ತಿನ ಪ್ರಯೋಗಾಲಯಗಳಲ್ಲಿ, ಬೆಂಗಳೂರಿನಲ್ಲೂ, ಜೀಬ್ರಾಮೀನಿನ ಮೇಲೆ ಸಂಶೋಧನೆ ನಡೆಯುತ್ತಿದೆ. ಮನುಷ್ಯನ ಜೀನ್‌ಗಳಲ್ಲಿ ಸುಮಾರು 70 ಶೇಕಡಾಕ್ಕೆ ಅದರಲ್ಲಿ ಜೋಡಿ ಜೀನ್ ಇದೆ ಎಂದು 2013ರಲ್ಲಿ ಪ್ರಕಟವಾದ ಅದರ ಜೀನೋಮ್ ತೋರಿಸಿತು.

ಈ ಮೀನನ್ನು ಹೊಸ ತೊಟ್ಟಿಗೆ ಬಿಟ್ಟರೆ ನೇರ ತಳಕ್ಕೆ ಇಳಿಯುತ್ತದೆ. ಕೆಲವು ನಿಮಿಷದ ಮೇಲೆ ನಿಧಾನವಾಗಿ ಮೇಲೇರಿ ಸುತ್ತ ನೋಡುತ್ತದೆ. ಎಷ್ಟು ಹೊತ್ತು ತಳದಲ್ಲಿತ್ತು, ಮೊದಲ ಸಲ ಮೇಲೆ ಬರಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದೇ ಆತಂಕದ ಅಳತೆ. ನಿಮ್ಮ ಮನೆಯ ತೊಟ್ಟಿಯಲ್ಲಿ ನಡೆಯುವುದೂ ಇದೇ. ವ್ಯತ್ಯಾಸ ಏನೆಂದರೆ, ಅಲ್ಲಿ ನಿಮಿಷಗಳಲ್ಲಿ ಮುಗಿಯುವುದು ನಮ್ಮಲ್ಲಿ ವಾರಗಟ್ಟಲೆ ಎಳೆಯುತ್ತದೆ. ಹೆದರಿಸುವ ಕಾರಣಗಳು ಅಲ್ಲೇ ಉಳಿದಿರುತ್ತವೆ ಎಂಬುದೇ ಅದಕ್ಕೆ ಕಾರಣ.

ಮೊದಲು ಪರೀಕ್ಷೆ: ಸಂಕೋಚವೋ, ಸಂಕಟವೋ?

ಅಡಗಿದ ಮೀನೆಲ್ಲ ನಾಚಿದ ಮೀನಲ್ಲ. ಹತ್ತು ನಿಮಿಷ ದೂರದಿಂದ ನೋಡಿ:

- ಕಿವಿರು ಸಾಮಾನ್ಯವಾಗಿ ಆಡುತ್ತಿದೆ, ಈಜುರೆಕ್ಕೆ ಬಿಚ್ಚಿದೆ, ದೀಪ ಆರಿದ ಮೇಲೆ ಬಂದು ತಿನ್ನುತ್ತದೆ: ಇದು ಸಂಕೋಚ.
- ಕಿವಿರು ಜೋರಾಗಿ ಬಡಿಯುತ್ತಿದೆ, ನೀರಿನ ಮೇಲ್ಮೈಗೆ ಬಂದು ಬಾಯಿ ಆಡಿಸುತ್ತದೆ: ನೀರಿನಲ್ಲಿ ಆಮ್ಲಜನಕದ ಕೊರತೆ, ಇಲ್ಲವೇ ಅಮೋನಿಯಾ.
- ರೆಕ್ಕೆ ಮೈಗೆ ಅಂಟಿದೆ, ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ಇದೆ, ಕಲ್ಲಿಗೆ ಮೈ ಉಜ್ಜುತ್ತದೆ: ಕಾಯಿಲೆ.
- ಹಗಲೆಲ್ಲ ಅಡಗಿ ರಾತ್ರಿ ಆರಾಮಾಗಿ ಓಡಾಡುತ್ತದೆ: ಅನೇಕ ಬೆಕ್ಕುಮೀನುಗಳ ಹಾಗೆ ಅದು ಹುಟ್ಟಾ ನಿಶಾಚರಿ ಇರಬಹುದು. ಅದನ್ನು ಬದಲಿಸಲು ಹೋಗಬೇಡಿ.

ಎರಡನೆಯದಾದರೆ ಮುಂದಿನ ಯಾವ ಉಪಾಯವೂ ನೀರು ಸರಿಯಾಗುವ ತನಕ ಕೆಲಸ ಮಾಡುವುದಿಲ್ಲ. ಹೊಸ ತೊಟ್ಟಿಯ ದೊಡ್ಡ ಶತ್ರು ಅಮೋನಿಯಾ. ಮೀನು ಕಿವಿರಿನಿಂದ ಅದನ್ನು ಹೊರಹಾಕುತ್ತದೆ. ಕೊಳೆತ ಕಾಳಿನಿಂದಲೂ ಬರುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ಅಷ್ಟೇನೂ ಹಾನಿಯಿಲ್ಲದ ನೈಟ್ರೇಟ್ ಮಾಡುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಈ ಬ್ಯಾಕ್ಟೀರಿಯಾ ನೆಲೆಯೂರಲು ಸುಮಾರು ನಾಲ್ಕರಿಂದ ಆರು ವಾರ ಬೇಕು. ಇವತ್ತು ತೊಟ್ಟಿ, ಇವತ್ತೇ ಮೀನು ಅಂದರೆ ಆ ಆರು ವಾರದ ವಿಷವನ್ನೆಲ್ಲ ಮೀನೇ ಕುಡಿಯಬೇಕಾಗುತ್ತದೆ.

ಇಲ್ಲಿ ಪಿಎಚ್ ಲೆಕ್ಕ ನೋಡಿ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ: ಅಷ್ಟು ಅಪಾಯವಿಲ್ಲದ ಅಮೋನಿಯಂ ಅಯಾನು, ವಿಷವಾದ ಅಮೋನಿಯಾ. 25 ಡಿಗ್ರಿ ಉಷ್ಣತೆಯಲ್ಲಿ ಪಿಎಚ್ 7 ಇದ್ದರೆ ಒಟ್ಟು ಮೊತ್ತದಲ್ಲಿ ವಿಷರೂಪ ಸುಮಾರು 0.6 ಶೇಕಡಾ. ಪಿಎಚ್ 8 ಆದರೆ ಸುಮಾರು 5.4 ಶೇಕಡಾ. ಅಂದರೆ ಅದೇ ಹೊಲಸು, ಒಂಬತ್ತು ಪಟ್ಟು ವಿಷ. ಹಾಗಾಗಿ ಬೋರ್‌ವೆಲ್ ನೀರು ತುಂಬುವವರು ಒಮ್ಮೆ ಪಿಎಚ್ ನೋಡಿಕೊಳ್ಳಲೇಬೇಕು. ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನಲ್ಲಿ ಕೇಳಿದರೆ ಐದು ನಿಮಿಷದ ಕೆಲಸ.

ಇದೇ ಲೆಕ್ಕ ಬಸ್ಸಿನಲ್ಲಿ ತಂದ ಚೀಲಕ್ಕೂ ಅನ್ವಯ. ಕಟ್ಟಿದ ಚೀಲದಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ಪಿಎಚ್ ಇಳಿದಿರುತ್ತದೆ, ಅಮೋನಿಯಾ ತೆಪ್ಪಗಿರುತ್ತದೆ. ಚೀಲ ಬಿಚ್ಚಿದ ಕೂಡಲೇ ಆ ಅನಿಲ ಹೊರಟುಹೋಗಿ ಪಿಎಚ್ ಏರತೊಡಗುತ್ತದೆ. ಆದ್ದರಿಂದ ಚೀಲವನ್ನು ಬಿಚ್ಚದೆ 15-20 ನಿಮಿಷ ತೊಟ್ಟಿಯಲ್ಲಿ ತೇಲಿಬಿಟ್ಟು ಉಷ್ಣತೆ ಸಮ ಮಾಡಿ, ಬಿಚ್ಚಿದ ಮೇಲೆ ತಡಮಾಡದೆ ಮೆತ್ತನೆಯ ಜಾಳಿಗೆಯಿಂದ ಮೀನನ್ನಷ್ಟೇ ಎತ್ತಿ ಒಳಗೆ ಬಿಡಿ. ಚೀಲದ ನೀರು ಗಿಡಕ್ಕೆ ಹಾಕಿ.

ನಲ್ಲಿ ನೀರಾದರೆ ಕ್ಲೋರಿನ್ ಇರುತ್ತದೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಹೋಗುತ್ತದೆ. 60 × 30 × 30 ಸೆಂಟಿಮೀಟರ್ ತೊಟ್ಟಿ ಲೆಕ್ಕಕ್ಕೆ 54 ಲೀಟರ್. ವಾರಕ್ಕೊಮ್ಮೆ ಅದರ ಕಾಲು ಭಾಗ, ಅಂದರೆ ಒಂದು ಬಕೆಟ್ ನೀರು ಬದಲಿಸಿದರೆ ಸಾಕು. ಪೂರ್ತಿ ಖಾಲಿ ಮಾಡಿ ತಿಕ್ಕಿ ತೊಳೆಯುವುದು ಬೇಡ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ನಲ್ಲಿ ಕೆಳಗೆ ಹಿಡಿದರೆ ಆರು ವಾರದ ಬ್ಯಾಕ್ಟೀರಿಯಾ ಹೋದಂತೆಯೇ.

ಮೀನಿಗೆ ಏನು ಕಾಣುತ್ತದೆ?

ನೀರಿನ ವಕ್ರೀಭವನ ಸೂಚ್ಯಂಕ 1.33. ಮೀನು ಮೇಲಕ್ಕೆ ನೋಡಿದಾಗ ಹೊರಗಿನ ಇಡೀ ಆಕಾಶ ಸುಮಾರು 97 ಡಿಗ್ರಿಯ ಒಂದು ದುಂಡು ಕಿಂಡಿಯಲ್ಲಿ ಕುಗ್ಗಿ ಕಾಣುತ್ತದೆ. ಆ ಕಿಂಡಿಯಲ್ಲಿ ಏಕಾಏಕಿ ಮೂಡುವ ಕಪ್ಪು ಆಕಾರವೆಂದರೆ ಮೀನಿಗೆ ಎರಗುವ ಹಕ್ಕಿ. ಕಾಳು ಹಾಕಲು ಚಾಚಿದ ನಿಮ್ಮ ಕೈ ಮತ್ತು ಮಿಂಚುಳ್ಳಿ ಎರಡಕ್ಕೂ ಮೊದಲ ವಾರ ವ್ಯತ್ಯಾಸ ಇಲ್ಲ.

ಹೀಗಾಗಿ ತೊಟ್ಟಿ ನೆಲದ ಮೇಲೋ ಗಿಡ್ಡ ಸ್ಟೂಲಿನ ಮೇಲೋ ಬೇಡ. ನಾವು ಕೂತಾಗ ಕಣ್ಣಿನ ಮಟ್ಟಕ್ಕೆ ಬರುವಂತೆ ಇಟ್ಟರೆ ನಾವು ಮೀನಿಗೆ ಮೇಲಿಂದ ಬರುವ ಭೂತವಾಗದೆ ಪಕ್ಕದಲ್ಲಿ ಓಡಾಡುವ ದೊಡ್ಡ ಪ್ರಾಣಿಯಷ್ಟೇ ಆಗುತ್ತೇವೆ. ಹಿಂಬದಿ ಮತ್ತು ಎರಡು ಪಕ್ಕಗಳಿಗೆ ಹೊರಗಿನಿಂದ ಕಪ್ಪು ಅಥವಾ ಗಾಢ ನೀಲಿ ಚಾರ್ಟ್ ಹಾಳೆ ಅಂಟಿಸಿ. ನಾಲ್ಕೂ ಕಡೆ ತೆರೆದ ಗಾಜೆಂದರೆ ನಾಲ್ಕೂ ಕಡೆಯಿಂದ ಅಪಾಯ. ತಳಕ್ಕೆ ಬಿಳಿ ಕಲ್ಲು ಬೇಡ, ಕಂದು ಮರಳು ಒಳ್ಳೆಯದು.

ರಾತ್ರಿ ಕೋಣೆ ಕತ್ತಲು ಮಾಡಿ ತೊಟ್ಟಿಯ ದೀಪ ಮಾತ್ರ ಹಾಕಿದರೆ ಒಳಗಿನ ಗಾಜು ಕನ್ನಡಿಯಾಗುತ್ತದೆ. ರಾತ್ರಿ ಬಸ್ಸಿನ ಕಿಟಕಿಯಲ್ಲಿ ನಮ್ಮ ಮುಖವೇ ಕಾಣುವಂತೆ ಮೀನಿಗೆ ತನ್ನದೇ ಬಿಂಬ ಕಾಣುತ್ತದೆ. ಫೈಟರ್ ಮೀನು ಅದರ ಜೊತೆ ಕಾದಾಡಿ ಸುಸ್ತಾಗುತ್ತದೆ. ದೀಪವನ್ನು ದಿನಕ್ಕೆ ಆರೇಳು ತಾಸು, ಕೋಣೆಯಲ್ಲಿ ಬೆಳಕಿರುವಾಗಲೇ ಹಾಕಿ. ಆರಿಸುವಾಗ ಮೊದಲು ತೊಟ್ಟಿಯದು, ಸ್ವಲ್ಪ ಹೊತ್ತಿನ ಮೇಲೆ ಕೋಣೆಯದು.

ಮೀನಿಗೆ ಏನು ಕೇಳಿಸುತ್ತದೆ?

ಗೋಲ್ಡ್‌ಫಿಶ್, ಬಾರ್ಬ್, ಡ್ಯಾನಿಯೊ, ಟೆಟ್ರಾ, ಬೆಕ್ಕುಮೀನು, ನಮ್ಮ ಕೆರೆಯ ಕಾಟ್ಲಾ, ರೋಹು ಇವೆಲ್ಲ ಚೆನ್ನಾಗಿ ಕೇಳಬಲ್ಲ ಮೀನುಗಳು. ಇವುಗಳ ಗಾಳಿಚೀಲದಿಂದ ಒಳಕಿವಿಗೆ ಸಣ್ಣ ಮೂಳೆಗಳ ಸರಪಳಿ ಇದೆ. 1820ರಲ್ಲಿ ಎರ್ನ್ಸ್ಟ್ ವೇಬರ್ ವರ್ಣಿಸಿದ್ದರಿಂದ ಅವನದೇ ಹೆಸರು ಬಂದಿದೆ. ಅದರ ಮೇಲೆ ಮೈಯ ಉದ್ದಕ್ಕೂ ನೀರಿನ ಸಣ್ಣ ಅಲುಗಾಟವನ್ನು ಹಿಡಿಯುವ ಪಾರ್ಶ್ವರೇಖೆ ಬೇರೆ.

ಹಾಗಾದರೆ ತೊಟ್ಟಿ ಮುಂದೆ ಮಾತಾಡಬಾರದೇ? ಲೆಕ್ಕ ಹಾಕೋಣ. ಗಾಳಿಯ ಧ್ವನಿ ಪ್ರತಿಬಾಧೆ ಸುಮಾರು 415, ನೀರಿನದು ಸುಮಾರು 15 ಲಕ್ಷ. ಇಷ್ಟು ಅಂತರವಿದ್ದಾಗ ಗಾಳಿಯ ಸದ್ದಿನ ಶಕ್ತಿಯಲ್ಲಿ ನೀರಿಗೆ ಇಳಿಯುವುದು ಸಾವಿರದಲ್ಲಿ ಒಂದು ಪಾಲಷ್ಟೇ, ಅಂದರೆ ಸುಮಾರು 30 ಡೆಸಿಬಲ್ ನಷ್ಟ. ನಿಮ್ಮ ಹರಟೆಗೆ ಮೀನು ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಟೇಬಲ್ಲು ಗುದ್ದಿದರೆ, ಬಾಗಿಲು ಬಡಿದರೆ, ಸ್ಪೀಕರನ್ನು ಅದೇ ಸ್ಟ್ಯಾಂಡಿನ ಮೇಲಿಟ್ಟರೆ ಕಂಪನ ಕಟ್ಟಿಗೆ ಮತ್ತು ಗಾಜಿನ ಮೂಲಕ ನೇರ ನೀರಿಗೆ ಹೋಗುತ್ತದೆ. ಗಾಜು ತಟ್ಟುವುದಂತೂ ಮೀನಿನ ಕಿವಿಯೊಳಗೇ ಡೊಳ್ಳು ಬಾರಿಸಿದಂತೆ. ತೊಟ್ಟಿಯ ಕೆಳಗೆ ಅರ್ಧ ಇಂಚಿನ ಥರ್ಮೋಕೋಲ್ ಅಥವಾ ರಬ್ಬರ್ ಹಾಳೆ ಹಾಸಿ. ಏರ್ ಪಂಪನ್ನು ಸ್ಟ್ಯಾಂಡಿನಿಂದ ಇಳಿಸಿ ಬಟ್ಟೆಯ ಮೇಲಿಡಿ. ಕರೆಂಟ್ ಹೋದಾಗ ತೊಟ್ಟಿಯ ನೀರು ಕೊಳವೆಯಲ್ಲಿ ಹಿಂದಕ್ಕೆ ಇಳಿಯದಂತೆ ಒಂದು ಚೆಕ್ ವಾಲ್ವ್ ಹಾಕುವುದನ್ನು ಮರೆಯಬೇಡಿ.

ಅಡಗಲು ಜಾಗ ಕೊಟ್ಟರೆ ಹೊರಗೆ ಬರುತ್ತದೆ

ಬಹಳ ಜನ ಮಾಡುವುದು ಉಲ್ಟಾ. ಮೀನು ಅಡಗುತ್ತಿದೆ ಎಂದು ಕಲ್ಲು, ಗಿಡ ಎಲ್ಲ ತೆಗೆದು ತೊಟ್ಟಿ ಬೋಳು ಮಾಡುತ್ತಾರೆ. ಆಗ ಅದು ಫಿಲ್ಟರಿನ ಹಿಂದೆ ತೂರಿಕೊಂಡು ಅಲ್ಲೇ ಉಳಿಯುತ್ತದೆ. ಯಾವ ಕಡೆ ಹೋದರೂ ಎರಡು ಬಾಲದೇಟಿನಲ್ಲಿ ಮರೆ ಸಿಗುತ್ತದೆ ಎಂದು ಗೊತ್ತಿರುವ ಮೀನು ಧೈರ್ಯವಾಗಿ ನಡುನೀರಿಗೆ ಬರುತ್ತದೆ.

ಇದಕ್ಕೆ ಪ್ಲಾಸ್ಟಿಕ್ ಕೋಟೆ ಕೊಳ್ಳಬೇಕಿಲ್ಲ. ಸಂತೆಯ ಕುಂಬಾರರ ಹತ್ತಿರ ಬಣ್ಣ ಬಳಿಯದ ಸಣ್ಣ ಮಣ್ಣಿನ ಕುಡಿಕೆ ತಂದು, ಬಾಯಿಯ ಅಂಚನ್ನು ಉಜ್ಜುಕಾಗದದಿಂದ ನುಣುಪು ಮಾಡಿ ಅಡ್ಡ ಮಲಗಿಸಿ. ಒಡೆದ ಮಂಗಳೂರು ಹೆಂಚಿನ ತುಂಡನ್ನು ಚಪ್ಪರದ ಹಾಗೆ ಆನಿಸಿ. ಆರು ಮೀನಿಗೆ ಏಳೆಂಟು ಮರೆಯಾದರೂ ಇರಲಿ. ಕಡಿಮೆಯಾದರೆ ಜೋರಿನ ಮೀನು ಆಕ್ರಮಿಸಿಕೊಂಡು ಸಂಕೋಚದ ಮೀನು ಬೀದಿಗೆ ಬೀಳುತ್ತದೆ.

ಮೇಲಿನ ನೆರಳಿಗೆ ತೇಲುವ ಗಿಡ ಒಳ್ಳೆಯದು, ನೀರಿನ ಮೇಲ್ಮೈಯ ಮೂರನೇ ಒಂದು ಭಾಗ ಮುಚ್ಚಿದರೆ ಸಾಕು. ಇನ್ನೊಂದು ಸುಲಭದ ವಸ್ತು ನಮ್ಮ ಕ್ಯಾಂಪಸ್‌ಗಳಲ್ಲೇ ಉದುರಿ ಬಿದ್ದಿರುತ್ತದೆ: ಕಾಡುಬಾದಾಮಿ ಮರದ ಒಣಗಿದ ಕೆಂಪೆಲೆ. ತೊಳೆದು ಒಂದು ಎಲೆ ಹಾಕಿದರೆ ಟ್ಯಾನಿನ್ ಬಿಟ್ಟು ನೀರು ತೆಳು ಚಹಾದ ಬಣ್ಣಕ್ಕೆ ತಿರುಗುತ್ತದೆ. ಬೆಳಕು ಮೆದುವಾಗುತ್ತದೆ. ಔಷಧ ಹೊಡೆದ ಮರದ ಎಲೆ ಮಾತ್ರ ಬೇಡ.

ಒಂಟಿ ಮೀನು, ಗುಂಪು ಮೀನು

ಟೆಟ್ರಾ, ಬಾರ್ಬ್, ಡ್ಯಾನಿಯೊ ಗುಂಪಿನ ಮೀನುಗಳು. "ಎರಡ ಸಾಕು" ಎಂದು ಜೋಡಿ ತಂದರೆ ಅವು ಜೀವಮಾನವಿಡೀ ಹೆದರಿಯೇ ಇರುತ್ತವೆ. ಕನಿಷ್ಠ ಆರು ಇರಲಿ. ಮೊದಲ ಸೆಮಿಸ್ಟರಿನಲ್ಲಿ ಹಿರೇಕೆರೂರಿನ ಹುಡುಗನಿಗೆ ತನ್ನ ಸೀಮೆಯ ಮಾತಾಡುವ ಇನ್ನೊಬ್ಬ ಸಿಕ್ಕ ಮೇಲೆಯೇ ಮೆಸ್ಸಿನಲ್ಲಿ ಬಾಯಿ ಬರುವುದು, ಹಾಗೆ. ದೊಡ್ಡ ತೊಟ್ಟಿಯಲ್ಲಿ ಒಂಟಿಯಾಗಿ ಅಡಗುವ ಮೀನಿದ್ದರೆ ಮೇಲುನೀರಿನಲ್ಲಿ ಆರಾಮಾಗಿ ಓಡಾಡುವ ಐದಾರು ಸಾಧು ಮೀನುಗಳನ್ನು ಬಿಡುವುದೂ ಉಂಟು. ಅವು ಬಯಲಲ್ಲಿ ನಿರ್ಭಯವಾಗಿ ಇರುವುದನ್ನು ನೋಡಿ ಅಡಗಿದ್ದಕ್ಕೆ ಅಪಾಯ ಇಲ್ಲವೆಂಬ ಸುಳಿವು ಸಿಗುತ್ತದೆ.

ಸುಳಿವು ಉಲ್ಟಾ ದಿಕ್ಕಿನಲ್ಲೂ ಹರಡುತ್ತದೆ. ಮಿನ್ನೋ ಮೀನುಗಳಲ್ಲಿ ಒಂದಕ್ಕೆ ಗಾಯವಾದರೆ ಅದರ ಚರ್ಮದಿಂದ ಹೊರಬರುವ ರಾಸಾಯನಿಕದ ವಾಸನೆಗೇ ಉಳಿದವು ಬೆದರಿ ಓಡುತ್ತವೆ ಎಂದು ಕಾರ್ಲ್ ಫಾನ್ ಫ್ರಿಶ್ 1938ರಲ್ಲಿ ವರದಿ ಮಾಡಿದರು. ಜೇನುಹುಳುಗಳ ಕುಣಿತದ ಭಾಷೆಯ ಸಂಶೋಧನೆಗೆ 1973ರಲ್ಲಿ ನೊಬೆಲ್ ಪಡೆದವರು ಇವರೇ. ಹೀಗಾಗಿ ಒರಟು ಜಾಳಿಗೆ, ಚೂಪು ಅಂಚಿನ ಕಲ್ಲು, ರೆಕ್ಕೆ ಕಚ್ಚುವ ಜೊತೆಗಾರ ಇದ್ದರೆ ಒಂದು ಮೀನಿನ ಗಾಯ ಇಡೀ ತೊಟ್ಟಿಯ ಭಯವಾಗುತ್ತದೆ. ಅಂಥದ್ದಾದರೆ ಕಾಲು ಭಾಗ ನೀರು ಬದಲಿಸಿ, ಕಾರಣವನ್ನು ತೆಗೆದುಹಾಕಿ.

ಶಿಳ್ಳೆಗೆ ಬಂದ ಬೆಕ್ಕುಮೀನು

ಅದೇ ಫಾನ್ ಫ್ರಿಶ್ 1923ರಲ್ಲಿ ಇನ್ನೊಂದು ಪ್ರಯೋಗ ಪ್ರಕಟಿಸಿದ್ದರು. ಮೀನಿಗೆ ಕಿವಿ ಕೇಳಿಸುವುದಿಲ್ಲ ಎಂದು ಆಗ ಹಲವು ಪಂಡಿತರ ವಾದ. ಅವರ ಹತ್ತಿರ ಕೊಳವೆಯೊಳಗೆ ಅಡಗಿ ಕೂರುವ ಕಣ್ಣಿಲ್ಲದ ಒಂದು ಪುಟ್ಟ ಬೆಕ್ಕುಮೀನಿತ್ತು. ಪ್ರತಿ ಸಲ ಶಿಳ್ಳೆ ಹಾಕಿ ಆಹಾರ ಕೊಡುತ್ತ ಹೋದರು. ಕೆಲವೇ ದಿನಗಳಲ್ಲಿ ಬರೀ ಶಿಳ್ಳೆಗೇ ಅದು ಕೊಳವೆ ಬಿಟ್ಟು ಹೊರಗೆ ಬರತೊಡಗಿತು. ಯಾರೂ ಅದನ್ನು ಎಳೆಯಲಿಲ್ಲ, ಕೊಳವೆಯನ್ನೂ ಕಿತ್ತುಕೊಳ್ಳಲಿಲ್ಲ. ಹೊರಗೆ ಬಂದರೆ ಒಳ್ಳೆಯದಾಗುತ್ತದೆ ಎಂಬುದು ಅದಕ್ಕೆ ಪ್ರತಿ ಸಲವೂ ನಿಜವಾಯಿತು, ಅಷ್ಟೇ.

ನಾವು ಮಾಡಬೇಕಾದ್ದೂ ಇದನ್ನೇ. ಎರಡು ವಾರದ ಕ್ರಮ ಹೀಗಿರಲಿ:

1. ದಿನ 1: ದೀಪ ಬೇಡ, ಊಟ ಬೇಡ, ನೋಡುವ ಜನವೂ ಬೇಡ.
2. ದಿನ 2-3: ಸಂಜೆ ಮಬ್ಬಿನಲ್ಲಿ, ಒಂದೇ ಮೂಲೆಯಲ್ಲಿ ಚಿಟಿಕೆ ಕಾಳು ಹಾಕಿ ಅಲ್ಲಿಂದ ಹೋಗಿಬಿಡಿ. ಅರ್ಧ ತಾಸಿನ ಮೇಲೆ ಉಳಿದದ್ದನ್ನು ತೆಗೆಯಿರಿ.
3. ದಿನ 4-7: ದೀಪ ನಾಲ್ಕು ತಾಸು. ಅದೇ ಹೊತ್ತು, ಅದೇ ಮೂಲೆ. ಕಾಳು ಹಾಕುವ ಮುಂಚೆ ಒಂದು ಮೆದುವಾದ ಗುರುತು, ಉದಾಹರಣೆಗೆ ಮುಚ್ಚಳದ ಮೇಲೆ ಬೆರಳಿನಿಂದ ಒಂದು ಸಲ ಸವರಿದ ಸದ್ದು. ಎರಡು ಮೀಟರ್ ದೂರ ಕೂತು ಹತ್ತು ನಿಮಿಷ ನೋಡಿ.
4. ದಿನ 8-14: ದಿನಕ್ಕೆ ಒಂದು ಗೇಣು ಹತ್ತಿರ ಬನ್ನಿ. ಎಲ್ಲ ಸರಿಯಿದ್ದರೆ ಒಂದು ಪಕ್ಕದ ಹಾಳೆ ತೆಗೆಯಿರಿ.

ಊಟ ಎರಡು ಮೂರು ನಿಮಿಷದಲ್ಲಿ ಖಾಲಿಯಾಗುವಷ್ಟೇ ಇರಲಿ. ಮೀನು ಮತ್ತೆ ಅಡಗಿದರೆ ಹಿಂದಿನ ಹಂತಕ್ಕೆ ಇಳಿಯಿರಿ. ಒಂದು ದಿನಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಹೆದರಿತು ಎಂದು ಕಂಡುಹಿಡಿಯಲು ಆಗುವುದಿಲ್ಲ.

ಇದರ ಜೊತೆ ಲೆಕ್ಕದ ಪುಸ್ತಕವೂ ಇರಲಿ. ಕಾಳು ಬಿದ್ದ ಕ್ಷಣದಿಂದ ಮೊದಲ ಮೀನು ಮರೆಯಿಂದ ಹೊರಬರುವವರೆಗಿನ ಸೆಕೆಂಡು ಬರೆದಿಡಿ. ದಿನ ಅಡ್ಡಕ್ಕೆ, ಸೆಕೆಂಡು ಉದ್ದಕ್ಕೆ ಹಾಕಿ ಗ್ರಾಫ್ ಎಳೆದರೆ ಇಳಿಯುವ ಗೆರೆ ಬರಬೇಕು. ನಡುವೆ ಗೆರೆ ಚಿಮ್ಮಿದರೆ ಆ ದಿನ ಏನಾಯಿತು ಎಂದು ಕೇಳಿ: ಕರೆಂಟ್ ಹೋಗಿತ್ತೇ, ತಮ್ಮ ಗಾಜು ತಟ್ಟಿದನೇ, ನೀರು ಬದಲಾಯಿತೇ? ಮೀನೇ ಇಲ್ಲಿ ಸೆನ್ಸರ್.

ಗೆರೆ ಸೊನ್ನೆಗೆ ಇಳಿಯದಿದ್ದರೂ ಬೇಸರ ಬೇಡ. ಡೇವಿಡ್ ಸ್ಲೋನ್ ವಿಲ್ಸನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಹೊಂಡದ ಸನ್‌ಫಿಶ್ ಮೀನುಗಳಲ್ಲಿ ಕೆಲವು ತಾವಾಗಿ ಬೋನಿಗೆ ಬಂದವು, ಉಳಿದವನ್ನು ಬಲೆ ಎಳೆದು ಹಿಡಿಯಬೇಕಾಯಿತು. ಪ್ರಯೋಗಾಲಯಕ್ಕೆ ಬೋನಿನ ಮೀನುಗಳೇ ಬೇಗ ಹೊಂದಿಕೊಂಡವು. ಅಂದರೆ ಒಂದೇ ಜಾತಿಯಲ್ಲೂ ಧೈರ್ಯದ ಮೀನು, ಸಂಕೋಚದ ಮೀನು ಇವೆ. ಚೆನ್ನಾಗಿ ತಿನ್ನುತ್ತ, ಬಣ್ಣ ತುಂಬಿಕೊಂಡು, ದಿನಕ್ಕೆ ಎರಡು ಸಲ ಮಾತ್ರ ಹೊರಗೆ ಬರುವ ಮೀನು ಆರಾಮಾಗಿಯೇ ಇದೆ.

ಬೇಸಿಗೆ, ಕರೆಂಟು, ರಜೆ

20 ಡಿಗ್ರಿ ನೀರು ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟರೆ 30 ಡಿಗ್ರಿಯಲ್ಲಿ ಅದು 7.6ಕ್ಕೆ ಇಳಿಯುತ್ತದೆ. ಏಪ್ರಿಲ್ ತಿಂಗಳಲ್ಲಿ ಕರೆಂಟ್ ಹೋದರೆ ಚೊಂಬಿನಲ್ಲಿ ನೀರೆತ್ತಿ ಸ್ವಲ್ಪ ಎತ್ತರದಿಂದ ಮೆಲ್ಲಗೆ ಸುರಿಯಿರಿ, ಊಟ ನಿಲ್ಲಿಸಿ. ಹಳೆಯ ಪವರ್ ಬ್ಯಾಂಕಿನಿಂದ ನಡೆಯುವ ಪುಟ್ಟ ಯುಎಸ್‌ಬಿ ಪಂಪು ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ನಾಲ್ಕೈದು ದಿನ ಊರಿಗೆ ಹೋಗುವಾಗ ಆರೋಗ್ಯವಂತ ದೊಡ್ಡ ಮೀನಿಗೆ ಉಪವಾಸ ಅಪಾಯವಲ್ಲ. ರೂಮ್‌ಮೇಟ್ ಮುಷ್ಟಿ ತುಂಬ ಹಾಕುವ ಕಾಳೇ ಅಪಾಯ.

ಕಡೆಯದಾಗಿ, ಕೆರೆಗೆ ಬಿಡಬೇಡಿ

ಸಾಕಲು ಆಗದಿದ್ದಾಗ "ಪಾಪ, ಕೆರೆಗೆ ಬಿಟ್ಟರಾಯ್ತು" ಎನ್ನುವವರಿದ್ದಾರೆ. ಬೇಡ. ತೊಟ್ಟಿ ಶುಚಿ ಮಾಡಲೆಂದು ಮಾರುವ ಸಕ್ಕರ್ ಬೆಕ್ಕುಮೀನು ದಕ್ಷಿಣ ಅಮೆರಿಕದ್ದು. ಹಾಗೆ ಬಿಟ್ಟದ್ದೇ ಭಾರತದ ಎಷ್ಟೋ ಕೆರೆಗಳಲ್ಲಿ ಬೆಳೆದು ಮೀನುಗಾರರ ಬಲೆ ಹರಿಯುತ್ತಿದೆ. ನಮ್ಮ ಧರ್ಮಾ ನದಿ ವರದೆಯನ್ನು ಸೇರುತ್ತದೆ, ವರದೆ ಗಳಗನಾಥದಲ್ಲಿ ತುಂಗಭದ್ರೆಯನ್ನು ಸೇರುತ್ತಾಳೆ, ಮದಗ ಮಾಸೂರು ಕೆರೆ ತುಂಬಿಸುವ ಕುಮುದ್ವತಿಯೂ ಕೊನೆಗೆ ತುಂಗಭದ್ರೆಗೇ. ಹಾನಗಲ್ಲಿನ ಕೆರೆಗೆ ಬಿಟ್ಟ ಮೀನು ಹಾನಗಲ್ಲಿನಲ್ಲೇ ಉಳಿಯುತ್ತದೆಂದು ಹೇಳಲಾಗದು. ತೇಲುವ ಅಂತರಗಂಗೆ ಗಿಡಕ್ಕೂ ಇದೇ ಮಾತು. ಹೆಚ್ಚಾದದ್ದನ್ನು ಬಿಸಿಲಿಗೆ ಒಣಗಿಸಿ ಗೊಬ್ಬರ ಮಾಡಿ. ಮೀನನ್ನು ಅಂಗಡಿಗೆ ಮರಳಿಸಿ, ಇಲ್ಲವೇ ಸಾಕುವ ಇನ್ನೊಬ್ಬರಿಗೆ ಕೊಡಿ.

ಕೊಳ್ಳುವ ಮುಂಚೆಯೂ ಒಂದು ಮಾತು ಕೇಳಿ: ಇದು ಎಲ್ಲಿಯದು? ಕೆಂಪು ಗೆರೆಯ ಡೆನಿಸನ್ ಬಾರ್ಬ್ ಕೇರಳ ಮತ್ತು ದಕ್ಷಿಣ ಕರ್ನಾಟಕದ ಘಟ್ಟದ ಹೊಳೆಗಳ ಮೀನು. 2013ರಲ್ಲಿ ಅದರ ಕುಲಕ್ಕೆ ಸಹ್ಯಾದ್ರಿಯಾ ಎಂದೇ ಹೆಸರಿಟ್ಟರು. ಅಕ್ವೇರಿಯಂ ವ್ಯಾಪಾರಕ್ಕಾಗಿ ವಿಪರೀತ ಹಿಡಿದದ್ದೂ ಅದು ಅಪಾಯದಂಚಿಗೆ ಬರಲು ಒಂದು ಕಾರಣ. ಗುಂಪಾಗಿ, ಹರಿಯುವ ನೀರಿನಲ್ಲಿ ಬದುಕುವ ಅದಕ್ಕೆ 54 ಲೀಟರಿನ ತೊಟ್ಟಿ ಎಂದೂ ಮನೆಯಾಗುವುದಿಲ್ಲ.

ಈ ವಾರ ಮೀನು ತರುವ ಯೋಚನೆ ಇದ್ದರೆ ಮೊದಲು ತೊಟ್ಟಿ ತನ್ನಿ, ನೀರು ತುಂಬಿ, ಫಿಲ್ಟರ್ ಓಡಿಸಿ, ಕುಡಿಕೆ ಮಲಗಿಸಿ. ಬ್ಯಾಕ್ಟೀರಿಯಾಕ್ಕೂ ಊಟ ಬೇಕಲ್ಲ, ದಿನಕ್ಕೆ ನಾಲ್ಕು ಕಾಳು ಹಾಕುತ್ತಿರಿ. ಆರು ವಾರದಲ್ಲಿ ಮೊದಲ ಇಂಟರ್ನಲ್ಸ್ ಮುಗಿದಿರುತ್ತದೆ, ತೊಟ್ಟಿಯೂ ಸಿದ್ಧವಾಗಿರುತ್ತದೆ. ಆಮೇಲೆ ಹೋಗಿ ಮೀನು ತನ್ನಿ, ಆರು ತನ್ನಿ. ಬಂದ ದಿನ ದೀಪ ಮಾತ್ರ ಹಾಕಬೇಡಿ.